ಅಪ್ಪಯ್ಯನ ತಾಳದಿಂದ ರೈಲು ತೆಗೆದದ್ದು

ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ಜೀವ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ನಾಲಿಗೆಗಿಂತ ಒಳ್ಳೆಯ ಮೀಟರು ನನಗೆ ಇನ್ನೂ ಸಿಕ್ಕಿಲ್ಲ. ಚೌಕಾಕಾರದ ಆ ಸಣ್ಣ ಬ್ಯಾಟರಿಯ ತಲೆಯ ಮೇಲಿರುವ ಎರಡು ಗುಂಡಿಗಳನ್ನು ನಾಲಿಗೆಯ ತುದಿಗೆ ಒಂದು ಕ್ಷಣ ಮುಟ್ಟಿಸಬೇಕು. ಜೀವ ಇದ್ದರೆ ಚುರ್ ಎನ್ನುತ್ತದೆ. ಅರೆಜೀವವಾದರೆ ಹುಳಿ ಹುಳಿ. ಸತ್ತಿದ್ದರೆ ಬರೀ ತಗಡಿನ ರುಚಿ. ಗಿಟಾರಿನ ಪೆಡಲುಗಳನ್ನು ಸಾಕುವವರೆಲ್ಲ ಈ ಕೆಲಸ ಮಾಡುತ್ತಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಮೊನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ನಾಲಿಗೆ ಚಾಚಿದ್ದಾಗ ನನ್ನ ಹೆಂಡತಿ ವಿಜಯಾ ನೋಡಿಬಿಟ್ಟಳು.

"ಐವತ್ತೆರಡು ವರ್ಷ ಆಯ್ತು ನಿಮಗೆ," ಎಂದಳು. "ಸ್ವಲ್ಪ ನಾಚಿಕೆ ಬೇಡ್ವಾ?"

ನಾಚಿಕೆಯ ಮಾತು ಬಂತಲ್ಲ, ಅದಕ್ಕೇ ಇದನ್ನು ಬರೆಯಲು ಕುಳಿತೆ. ಬ್ಯಾಟರಿ ನೆಕ್ಕಿದ್ದಕ್ಕೆ ನನಗೆ ನಾಚಿಕೆ ಇಲ್ಲ. ನಾಚಿಕೆಪಡಬೇಕಾದ ಕೆಲಸ ಬೇರೆ ಮಾಡಿದ್ದೇನೆ, ಅದೂ ಇದೇ ಬ್ಯಾಟರಿ, ಇದೇ ತಂತಿ, ಇದೇ ಪೆಟ್ಟಿಗೆಗಳ ಮದದಲ್ಲಿ. ನೇರವಾಗಿ ಹೇಳಲು ಬಾಯಿ ಬರುತ್ತಿಲ್ಲ. ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ, ಸಹಿಸಿಕೊಳ್ಳಿ.

ನಾನು ಬಾರಿಸುವುದು ಬೇಸ್ ಗಿಟಾರ್. ಸಾಮಾನ್ಯ ಗಿಟಾರಿಗಿಂತ ಉದ್ದ ಕತ್ತು, ಬೆರಳಿನಷ್ಟಲ್ಲದಿದ್ದರೂ ಟೊಣಪ ಎನ್ನಬಹುದಾದ ನಾಲ್ಕೇ ತಂತಿ, ಎದೆಯಲ್ಲಿ ಗುಂಯ್ ಎನ್ನುವ ತಗ್ಗುಸ್ವರ. ಕೆಲಸದ ಮಟ್ಟಿಗೆ ನಾನು ತುರ್ಭೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕೊಡುವವನು. ದಿನಾ ಮುಂಬಯಿಯ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಠಾಣೆಗೆ, ಠಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಗೆ. ಈ ಗಿಟಾರನ್ನು ಕೊಂಡದ್ದು ವಿಠ್ಠಲವಾಡಿಯಲ್ಲಿ, ಒಂದು ಕಾಲದಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದ ಒಬ್ಬ ಸಿಂಧಿ ಮುದುಕನಿಂದ. ಅವನು ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಪ್ಲಾಟ್‌ಫಾರ್ಮಿಗೇ ತಂದುಕೊಟ್ಟಿದ್ದ. ಅದನ್ನು ಹಿಡಿದುಕೊಂಡು ಗಾಡಿ ಹತ್ತಿದಾಗ ಎದುರಿಗಿದ್ದವನೊಬ್ಬ ಬೆಡ್‌ಶೀಟನ್ನು ಸರಿಸಿ ನೋಡಿ, ತುಂಬ ಅನುಕಂಪದಿಂದ, "ಬಾಕೀ ದೋ ತಾರ್ ಟೂಟ್ ಗಯೇ ಕ್ಯಾ, ಅಂಕಲ್?" ಎಂದು ಕೇಳಿದ. ಅಂದಿನಿಂದ ಇಂದಿನವರೆಗೆ ಆ ಎರಡು ತಂತಿಗಳ ಬಗ್ಗೆ ವಿಚಾರಿಸದವರಿಲ್ಲ.

ಬೇಸ್ ಬಾರಿಸುವವನ ದೊಡ್ಡ ಸಂಕಟ ಇದೇ ಇರಬೇಕು. ಅವನು ಬಾರಿಸುತ್ತಿದ್ದಾನೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅವನು ನಿಲ್ಲಿಸಿದರೆ ಮಾತ್ರ, ಏನೋ ಕಡಿಮೆಯಾಯಿತಲ್ಲ ಎಂದು ಜನ ಆಚೀಚೆ ನೋಡುತ್ತಾರೆ. ಏನು ಕಡಿಮೆಯಾಯಿತೆಂದು ಆಗಲೂ ಗೊತ್ತಾಗುವುದಿಲ್ಲ. ಈ ಅನ್ಯಾಯದ ಬಗ್ಗೆ ನಾನು ಮನೆಯಲ್ಲಿ ಎಷ್ಟು ಗೋಳಾಡಿದ್ದೇನೆ ಎಂದರೆ, ನನ್ನ ಮಗಳು ಅನಘಾ ಕೇಳಿ ಕೇಳಿ ಸಾಕಾಗಿ, "ಪಪ್ಪಾ, ಹಮ್ ಸುನ್ ರಹೇ ಹೈ, ಬಸ್?" ಎಂದು, ನಾವು ಕೇಳುತ್ತಿದ್ದೇವಲ್ಲ ಸಾಕಾ ಎನ್ನುವಂತೆ, ಹೇಳಿ ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುತ್ತಿದ್ದಳು. ಕೇಳಿಸದವರ ಪರವಾಗಿ ಇಷ್ಟು ವಾದ ಮಾಡಿದವನು ನಾನು ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೇಳಿಸದಿದ್ದರೆ ಕೇಳಿಸುವ ಹಾಗೆ ಮಾಡುವ ಪೆಟ್ಟಿಗೆಗಳು ಸಿಗುತ್ತವೆ. ಅವುಗಳಿಗೇ ಪೆಡಲ್ ಎನ್ನುವುದು. ಸಾಬೂನಿನ ಡಬ್ಬಿಯಷ್ಟು ದೊಡ್ಡದು, ನೆಲದ ಮೇಲಿಟ್ಟು ಕಾಲಿನಿಂದ ಒತ್ತಬೇಕು. ಒಂದು ಒತ್ತಿದರೆ ಸ್ವರ ದಪ್ಪವಾಗುತ್ತದೆ, ಇನ್ನೊಂದು ಒತ್ತಿದರೆ ಗೊಗ್ಗರಾಗುತ್ತದೆ, ಮತ್ತೊಂದು ಒತ್ತಿದರೆ ನೀರೊಳಗೆ ಬಾರಿಸಿದಂತೆ ಅಲೆಯುತ್ತದೆ. ನನಗೆ ತೀರಾ ಮೆಚ್ಚಿನದು ಕಂಪ್ರೆಸರ್. ಅದರ ಕೆಲಸ, ಜೋರಾದದ್ದನ್ನು ತಗ್ಗಿಸಿ, ಮೆತ್ತಗಿನದನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಕೈ ಒರಟಾಗಿದ್ದರೂ ನಾಜೂಕಿನ ಮನುಷ್ಯನ ಹಾಗೆ ಕೇಳಿಸುತ್ತದೆ. ಇವನ್ನೆಲ್ಲ ಕಲ್ಯಾಣದಿಂದ ತಂದ ಒಂದು ಚಪ್ಪಲಿ ಸ್ಟ್ಯಾಂಡಿನ ಹಲಗೆಯ ಮೇಲೆ ಸಾಲಾಗಿ ಅಂಟಿಸಿದ್ದೇನೆ. ಹೊಸತೊಂದು ಬಂದಾಗಲೆಲ್ಲ ವಿಜಯಾ, "ಇದು ಮೊದಲು ಇರ್ಲಿಲ್ವಲ್ಲ?" ಎನ್ನುತ್ತಾಳೆ. "ಇತ್ತು, ಧೂಳು ಹಿಡಿದಿತ್ತು, ಒರೆಸಿದೆ," ಎನ್ನುತ್ತೇನೆ. ಏಳು ಸಲ ಒರೆಸಿದ್ದೇನೆ.

ಹವ್ಯಾಸಿಗಳಿಗೆ ನನ್ನ ಕಡೆಯಿಂದ ಒಂದೆರಡು ಕಿವಿಮಾತು ಬೇಕಿದ್ದರೆ ಕೊಡುತ್ತೇನೆ, ಇವು ಮಾತ್ರ ಅನುಭವದಿಂದ ಬಂದವು. ಬೇಸಿನ ತಂತಿ ಮಂಕಾದರೆ ಎಸೆಯಬೇಡಿ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಚೆನ್ನಾಗಿ ಒರೆಸಿ ಹಾಕಿ, ಸ್ವರ ಮತ್ತೆ ಹೊಳೆಯುತ್ತದೆ. ಆದರೆ ಇಡ್ಲಿ ಪಾತ್ರೆಯಲ್ಲಿ ಕುದಿಸಬೇಡಿ. ನಾನು ಕುದಿಸಿದ ದಿನ ನನ್ನ ತಂದೆ, ಅಪ್ಪಯ್ಯ, ಅಡುಗೆಮನೆಗೆ ಬಂದು, ಮುಚ್ಚಳ ತೆಗೆದು, ಸುರುಳಿ ಸುತ್ತಿಕೊಂಡಿದ್ದ ನಾಲ್ಕು ತಂತಿಗಳನ್ನು ನೋಡಿ, ಏನೂ ಆಶ್ಚರ್ಯ ತೋರದೆ, "ಬೆಂದಿತಾ ಮಾಣಿ?" ಎಂದು ಕೇಳಿದ್ದರು. ಇನ್ನೊಂದು, ಸ್ವರ ಬಹಳ ಹೊತ್ತು ಗುಂಯ್‌ಗುಡುತ್ತಿದ್ದರೆ ತಂತಿಗಳ ಬುಡದಲ್ಲಿ ಸ್ಪಂಜಿನ ತುಂಡು ಸಿಕ್ಕಿಸಿ. ಪಾತ್ರೆ ಉಜ್ಜುವ ಸ್ಪಂಜು ಸಾಕು, ಹೊಸದಾಗಿರಲಿ. ಮತ್ತೆ, ಆಂಪನ್ನು, ಅಂದರೆ ಸ್ಪೀಕರಿನ ಪೆಟ್ಟಿಗೆಯನ್ನು, ನೆಲದ ಮೇಲೆ ಇಡಬೇಡಿ. ನಾನು ಇಟ್ಟಿದ್ದಕ್ಕೆ ಕೆಳಗಿನ ಮನೆಯ ಮರಾಠಿ ಚಿಕ್ಕಮ್ಮ, ನಮಗೆಲ್ಲ ಮಾವಶಿ, ಮೇಲೆ ಬಂದು, "ಅಹೋ, ಆಮಚೇ ಡಬೇ ವಾಜ್ತಾಯತ್!" ಎಂದು ದೂರಿದರು. ಹೋಗಿ ನೋಡಿದರೆ ನಿಜ, ನಾನು ದಪ್ಪ ತಂತಿ ಮೀಟಿದಾಗಲೆಲ್ಲ ಅವರ ಶೆಲ್ಫಿನ ಸ್ಟೀಲ್ ಡಬ್ಬಗಳು ಒಂದಕ್ಕೊಂದು ತಾಗಿ ಟಿಣಿಟಿಣಿ ಎನ್ನುತ್ತಿದ್ದವು.

ಆ ಕಟ್ಟಡಕ್ಕೆ ಅದುರುವುದು ಹೊಸತೇನಲ್ಲ. ಡೊಂಬಿವಲಿ ಪೂರ್ವದಲ್ಲಿ ರೈಲು ಹಳಿಗೆ ತಾಗಿಕೊಂಡೇ ಇರುವ ಕಟ್ಟಡ ಅದು, ನಾನು ಹುಟ್ಟಿ ಬೆಳೆದದ್ದು ಅದರ ಎರಡನೆಯ ಮಹಡಿಯಲ್ಲಿ. ಹಳಿಯ ಬದಿಯ ಮನೆಗಳಲ್ಲಿ ಒಂದು ಪದ್ಧತಿ ಇದೆ, ಯಾರೂ ಕಲಿಸದೆ ಬರುವಂಥದ್ದು. ಎಲ್ಲ ಕಡೆ ನಿಲ್ಲದ ಫಾಸ್ಟ್ ಗಾಡಿ ಬಂದಾಗ ಮಾತು ನಿಲ್ಲುತ್ತದೆ, ಗಾಡಿ ಹೋದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅಮ್ಮ ನನಗೆ ಬೈಯುವಾಗ, "ನಿನ್ನಂಥ ದಂಡಪಿಂಡ—" ಎನ್ನುವಷ್ಟರಲ್ಲಿ ಕಸಾರಾ ಫಾಸ್ಟ್ ಬರುತ್ತಿತ್ತು. ಅಮ್ಮ ಕೈ ಎತ್ತಿದ ಹಾಗೆಯೇ, ಬಾಯಿ ಅರ್ಧ ತೆರೆದ ಹಾಗೆಯೇ ನಿಲ್ಲುತ್ತಿದ್ದಳು. ಅಷ್ಟರಲ್ಲಿ ಸಿಟ್ಟು ಇಳಿದೀತೆಂದು ನಾನು ಆಸೆಯಿಂದ ಕಾಯುತ್ತಿದ್ದೆ. ಗಾಡಿಯ ಕೊನೆಯ ಡಬ್ಬಿ ದಾಟಿದ್ದೇ, "—ವನ್ನು ಎಲ್ಲಿಯೂ ಕಂಡಿಲ್ಲ!" ಎಂದು ವಾಕ್ಯ ಪೂರ್ಣವಾಗುತ್ತಿತ್ತು. ರಜೆಯಲ್ಲಿ ಉಡುಪಿಗೆ ಹೋದಾಗ ನಮ್ಮ ಮನೆಯವರೆಲ್ಲ ಮಾತಿನ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದರಂತೆ. ಮುಂಬಯಿಯವರಿಗೆ ಏನೋ ಕಾಯಿಲೆ ಎಂದು ಅಲ್ಲಿನ ಅತ್ತೆ ನಂಬಿದ್ದರು.

ನಿಲ್ಲದೆ ಇದ್ದದ್ದು ಒಂದೇ, ಶನಿವಾರದ ಭಜನೆ. ತಳಮಹಡಿಯ ಒಂದು ಕೋಣೆಯಲ್ಲಿ ನಮ್ಮ ಕಡೆಯವರದ್ದೊಂದು ಭಜನಾ ಮಂಡಳಿ ಇತ್ತು. ಹೋಟೆಲಿನವರು, ಬ್ಯಾಂಕಿನವರು, ರೇಶನ್ ಅಂಗಡಿಯ ಗುಮಾಸ್ತರು. ದೇವರಿಗೆ ಹೇಳುತ್ತಿರುವಾಗ ಗಾಡಿಗೆ ದಾರಿ ಬಿಡುವುದು ಸರಿಯಲ್ಲ ಎಂದೋ ಏನೋ, ಅಲ್ಲಿ ಮಾತ್ರ ಯಾರೂ ನಿಲ್ಲಿಸುತ್ತಿರಲಿಲ್ಲ. ಗಾಡಿಯ ಗದ್ದಲದಲ್ಲಿ ಹಾಡು ಮುಳುಗಿ, ಆಚೆ ಬದಿಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಎದ್ದು ಬರುತ್ತಿತ್ತು. ಅದು ಹೇಗೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಅಪ್ಪಯ್ಯ ಅಲ್ಲಿ ತಾಳ ಹಾಕುವವರು. ಅಂಗೈಯಲ್ಲಿ ಹಿಡಿಯುವ ಕಂಚಿನ ಜೋಡಿ ತಾಳ, ಕೆಂಪು ದಾರದಲ್ಲಿ ಕಟ್ಟಿದ್ದು. ಅವರು ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವರು. ಕಾವಲಿಗೆ ನೀರು ಚಿಮುಕಿಸಿ, ಆ ಚುಂಯ್ ಎನ್ನುವ ಸದ್ದನ್ನು ಕೇಳಿಯೇ, "ಇನ್ನೂ ಕಾಯಲಿಲ್ಲ," ಅಥವಾ, "ಹೆಚ್ಚಾಯ್ತು," ಎನ್ನುತ್ತಿದ್ದರು, ಕಣ್ಣಿನಿಂದ ನೋಡುತ್ತಿರಲಿಲ್ಲ. ಈಗ ಅವರಿಗೆ ಎಪ್ಪತ್ತೊಂಬತ್ತು. ನನ್ನನ್ನು ಈಗಲೂ ಮಾಣಿ, ಅಂದರೆ ಹುಡುಗ, ಎಂದೇ ಕರೆಯುತ್ತಾರೆ. ನಾನು ಬೇಸ್ ಗಿಟಾರ್ ಹೊತ್ತುಕೊಂಡು ಮಂಡಳಿಗೆ ಸೇರಿದಾಗ ಹಿರಿಯರು ಕೆಲವರು ಮುಖ ಸಿಂಡರಿಸಿದ್ದರು. ಅಪ್ಪಯ್ಯ, "ಇರ್ಲಿ ಬಿಡಿ, ದೇವರಿಗೆ ಕೇಳಿದ್ರೆ ಸಾಕಲ್ಲ, ನಮಗೆ ಹೇಗೂ ಕೇಳುದಿಲ್ಲ," ಎಂದು ನಗಿಸಿ ನನಗೆ ಜಾಗ ಕೊಡಿಸಿದ್ದರು.

ಕಳೆದ ವರ್ಷ ಆ ಕಟ್ಟಡ, ಕೆಡವಿ ಹೊಸತು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗುವುದು ಖಚಿತವಾಯಿತು. ಎಲ್ಲರೂ ಬಾಡಿಗೆಯ ಮನೆ ಹುಡುಕಿಕೊಂಡು ಒಬ್ಬೊಬ್ಬರು ಒಂದೊಂದು ಕಡೆ, ಕಲ್ಯಾಣಕ್ಕೆ, ನವಿ ಮುಂಬಯಿಗೆ, ಚೆದುರಿ ಹೋಗುವವರು. ಹೊಸ ಕಟ್ಟಡದಲ್ಲಿ ಭಜನೆಗೆ ಕೋಣೆ ಇಲ್ಲ. ಮಂಡಳಿಯಲ್ಲಿ ಮುಂದಾಗಿ ಹೇಳಿಕೊಡುವ ಸುಶೀಲಕ್ಕ ಒಂದು ಶನಿವಾರ ನನ್ನ ಪೆಡಲುಗಳನ್ನು ನೋಡುತ್ತ, "ನಿನ್ನತ್ರ ಇಷ್ಟೆಲ್ಲ ಮಿಷಿನ್ ಉಂಟಲ್ಲ ಮಾರಾಯ, ನಮ್ದು ಒಂದು ರೆಕಾರ್ಡ್ ಮಾಡಿ ಇಡ್ಲಿಕ್ಕೆ ಆಗ್ತದಾ? ಚದುರಿ ಹೋಗುವ ಮೊದಲು?" ಎಂದರು. ಯಾರಾದರೂ ನನ್ನನ್ನು ಕೇಳಲಿ ಎಂದು ಇಪ್ಪತ್ತು ವರ್ಷ ಕಾಯುತ್ತಿದ್ದವನು ನಾನು. ಹಿಗ್ಗಿ ಹೀರೆಕಾಯಿಯಾದೆ.

ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಒಂದು ಮೈಕ್ ಇಟ್ಟು, ಆಯಿತು ಎನ್ನಬಹುದಿತ್ತು. ಆದರೆ ಅದು ನನ್ನಂಥ ತಿಳಿದವರ ಕ್ರಮವಲ್ಲ. ಒಬ್ಬೊಬ್ಬರದ್ದೂ ಬೇರೆ ಬೇರೆ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಬೇಕು. ಹಾಡುವವರದ್ದು ಮತ್ತು ಹಾರ್ಮೋನಿಯಮ್ಮಿನದ್ದು ಮೆಗಾಬ್ಲಾಕಿನ ಭಾನುವಾರ ಮಧ್ಯಾಹ್ನ ಇಟ್ಟುಕೊಂಡೆ. ರಿಪೇರಿಗೆಂದು ಹಳಿ ಬಂದ್ ಆಗಿ ಗಾಡಿಗಳು ವಿರಳವಾಗುವ ಹೊತ್ತು ಅದು. ಕಿಟಕಿಗೆ ರಜಾಯಿ ಕಟ್ಟಿ, ಫ್ಯಾನ್ ಆರಿಸಿ, ಬೆವರು ಸುರಿಸುತ್ತ ಕುಳಿತ ಹಿರಿಯರ ಕಿವಿಗೆ ಕಂಪ್ಯೂಟರಿನ ಟಿಕ್ ಟಿಕ್ ಕೊಟ್ಟು ಹಾಡಿಸಿದೆ. ಸುಶೀಲಕ್ಕ ಒಂದು ಸಲ ಹೆಡ್‌ಫೋನ್ ಕಿತ್ತು, "ಇದರ ಒಳಗೆ ಕೂತವ ಯಾರು ಮಾರಾಯ, ನಮ್ಮನ್ನು ಓಡಿಸಿಕೊಂಡು ಹೋಗ್ತಾನೆ!" ಎಂದರು.

ಅಪ್ಪಯ್ಯನ ತಾಳಕ್ಕೆ ಅಂದು ಹೊತ್ತು ಸಾಲಲಿಲ್ಲ. ವಾರದ ನಡುವೆ ನಾನು ರಜೆ ಹಾಕಿ, ಬೆಳಿಗ್ಗೆ ಹನ್ನೊಂದಕ್ಕೆ ಅವರೊಬ್ಬರನ್ನೇ ಆ ಕೋಣೆಯಲ್ಲಿ ಕೂರಿಸಿದೆ. ಮೆಗಾಬ್ಲಾಕ್ ಇಲ್ಲ, ಗಾಡಿಗಳು ಒಂದರ ಹಿಂದೆ ಒಂದು.

"ಗಾಡಿ ಬಂದ್ರೆ ಎಂತ ಮಾಡುದು?" ಎಂದು ಕೇಳಿದರು.

"ನಿಲ್ಲಿಸಬೇಡಿ ಅಪ್ಪಯ್ಯ. ನೀವು ಹಾಕ್ತಾ ಇರಿ. ಗಾಡಿಯನ್ನು ನಾನು ಆಮೇಲೆ ತೆಗೀತೇನೆ."

"ಗಾಡಿಯನ್ನು ತೆಗೀಲಿಕ್ಕೆ ಆಗ್ತದಾ?"

"ಈಗ ಎಲ್ಲ ಆಗ್ತದೆ," ಎಂದೆ. ಎಷ್ಟು ಜಂಬ ನೋಡಿ.

ಆ ದೊಡ್ಡ ಹೆಡ್‌ಫೋನಿನಲ್ಲಿ ಅವರ ಮುಖ ಸಣ್ಣದಾಗಿ ಕಂಡಿತು. ಒಳಗೆ ಸುಶೀಲಕ್ಕನ ಹಾಡು ಕೇಳುತ್ತಿರಬೇಕು, ಕಣ್ಣು ಮುಚ್ಚಿದರು. ಒಂದೇ ಸಲಕ್ಕೆ ಎಲ್ಲ ಭಜನೆಗಳಿಗೂ ತಾಳ ಹಾಕಿ ಮುಗಿಸಿದರು. ಮುಗಿದಾಗ ಹೆಡ್‌ಫೋನ್ ಕಳಚಿ ನನಗೆ ಕೊಟ್ಟರು. "ಸರಿ ಆಯ್ತಾ ಮಾಣಿ?" ಎಂದರು. ನಾನು ಸ್ಕ್ರೀನ್ ನೋಡುತ್ತ, "ಆಯ್ತು, ಆಯ್ತು," ಎಂದೆ.

ಸಂಜೆ ಕುಳಿತು ಗಾಡಿಯನ್ನು ತೆಗೆದೆ. ಅದೊಂದು ಸೊಗಸಾದ ಸಾಫ್ಟ್‌ವೇರು. ತೆಗೆಯಬೇಕಾದ ಸದ್ದಿನ ಒಂದು ತುಣುಕನ್ನು ತೋರಿಸಿದರೆ ಅದನ್ನು ಎಲ್ಲ ಕಡೆಯಿಂದಲೂ ಗುಡಿಸಿಹಾಕುತ್ತದೆ. ಗುಡಿಸಿದ ಮೇಲೆ ಉಳಿದ ಅಪ್ಪಯ್ಯನ ತಾಳವನ್ನು ಕೇಳಿದೆ, ಸ್ಕ್ರೀನಿನ ಮೇಲೆ ಅದರ ಗೆರೆಯನ್ನು ನೋಡಿದೆ. ಹಿಡಿದ ಲಯವೇನೋ ಎಲ್ಲೂ ಬಿಟ್ಟಿರಲಿಲ್ಲ. ಆದರೆ ಮೆತ್ತಗೆ ಹೋಗುತ್ತಿದ್ದ ತಾಳ ಯಾವ ಕಾರಣವೂ ಇಲ್ಲದೆ ಏಕಾಏಕಿ ಜೋರಾಗುತ್ತಿತ್ತು. ಅರ್ಧ ನಿಮಿಷ ಹುಚ್ಚು ಹಿಡಿದ ಹಾಗೆ ಬಡಿದು ಮತ್ತೆ ಮೆತ್ತಗಾಗುತ್ತಿತ್ತು. ಒಂದೊಂದು ಭಜನೆಯಲ್ಲಿ ಎರಡು ಸಲ, ಮೂರು ಸಲ. ನನ್ನ ಮೆಚ್ಚಿನ ಕಂಪ್ರೆಸರನ್ನು ಹಾಕಿ ಮಟ್ಟ ಮಾಡಿ ನೋಡಿದೆ. ತಾಳದ ನಾದವೆಲ್ಲ ಹೋಗಿ ಪಾತ್ರೆಯ ಮುಚ್ಚಳ ಬಿದ್ದ ಸದ್ದಾಯಿತು.

ಆಗ ನನಗೆ ಅನಿಸಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. 'ಪಾಪ, ಪ್ರಾಯ ಆಯಿತು, ಕೈ ಹತೋಟಿಯಲ್ಲಿಲ್ಲ' ಎಂದು ಅನಿಸಿತು. ಕನಿಕರ ಬಂತು. ಆ ಕನಿಕರದಲ್ಲಿ ಒಂದು ಹಿತವೂ ಇತ್ತು, ಅದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ. ಅಪ್ಪಯ್ಯನ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೇ, ಅವರ ತಾಳವನ್ನು ಪೂರ್ತಿ ತೆಗೆದು, ಸಾಫ್ಟ್‌ವೇರಿನಲ್ಲೇ ಸಿಗುವ ತಾಳವೊಂದನ್ನು ಆ ಜಾಗದಲ್ಲಿ ಹಾಕಿದೆ. ಅದು ಯಾವ ಊರಿನ ಯಾರ ಕೈಯೋ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಬಂದಾಗ ಏನನ್ನಾದರೂ ಅಳಿಸಬೇಕಾಯಿತು. ನನ್ನ ಬೇಸನ್ನು ಏಳು ಸಲ ಬಾರಿಸಿ ಇಟ್ಟ ಟೇಕುಗಳಿದ್ದವು, ಯಾವುದು ಚೆನ್ನಾಗಿದೆ ಎಂದು ತೀರ್ಮಾನವಾಗಿರಲಿಲ್ಲ. ಅವನ್ನು ಉಳಿಸಿಕೊಂಡು ಅಪ್ಪಯ್ಯನದ್ದನ್ನು ಅಳಿಸಿದೆ.

ಎಲ್ಲರಿಗೂ ಒಂದೊಂದು ಪೆನ್‌ಡ್ರೈವ್ ಹಂಚಿದೆವು. ಅದರ ಡಬ್ಬಿಗೆ ಅಂಟಿಸುವ ಚೀಟಿಯನ್ನು ಅನಘಾ ಮಾಡಿದಳು. ಹಾಡಿದವರ ಹೆಸರು, ಹಾರ್ಮೋನಿಯಂ, ತಾಳ ಎಂದು ಅಪ್ಪಯ್ಯನ ಹೆಸರು, ಎಲ್ಲಕ್ಕಿಂತ ಕೆಳಗೆ ಬೇಸ್ ಗಿಟಾರ್ ಮತ್ತು ಧ್ವನಿಮುದ್ರಣ ಎಂದು ನನ್ನದು, ಸ್ವಲ್ಪ ದೊಡ್ಡ ಅಕ್ಷರದಲ್ಲಿ. ರೆಕಾರ್ಡ್ ಕೇಳುತ್ತ, ಅಜ್ಜನ ತಾಳ ಇಷ್ಟು ಶುದ್ಧ ಹೇಗೆಂದು ಅವಳು ಒಮ್ಮೆ ಹುಬ್ಬೇರಿಸಿ, "ಪಪ್ಪಾ, ಅಜ್ಜ ಕಾ ಸೌಂಡ್ ಇತ್ನಾ ಕ್ಲೀನ್ ಕೈಸೇ?" ಎಂದಳು. "ಮಿಕ್ಸಿಂಗ್," ಎಂದು ಹೇಳಿ ಬಾಯಿ ಮುಚ್ಚಿಸಿದೆ. ಮಂಡಳಿಯವರು ಹೊಗಳಿದರು. ಅಪ್ಪಯ್ಯನ ಹಳೆಯ ಹೋಟೆಲಿನ ಗೆಳೆಯರೊಬ್ಬರು ಫೋನ್ ಮಾಡಿ, "ಈ ಪ್ರಾಯದಲ್ಲಿ ಎಂಥಾ ಕೈ ನಿಮ್ದು, ಒಂದು ಚೂರು ಆಚೀಚೆ ಇಲ್ಲ!" ಎಂದರು. ಫೋನ್ ಸ್ಪೀಕರಿನಲ್ಲಿತ್ತು, ನಾನೂ ಕೇಳಿಸಿಕೊಂಡೆ. ಅಪ್ಪಯ್ಯ, "ಹೌದಾ," ಎಂದರು, ಅಷ್ಟೆ.

ಆ ರಾತ್ರಿ ಊಟವಾದ ಮೇಲೆ ಅವರು ಪೆನ್‌ಡ್ರೈವಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ಬೈಯುವ ಸ್ವರವಲ್ಲ, ಚಹಾಕ್ಕೆ ಸಕ್ಕರೆ ಬೇಡ ಎನ್ನುವ ಸ್ವರ.

"ಮಾಣಿ, ಈ ಚೀಟಿಯಿಂದ ನನ್ನ ಹೆಸರು ತೆಗೀಲಿಕ್ಕೆ ಆಗ್ತದಾ?"

"ಯಾಕೆ ಅಪ್ಪಯ್ಯ?"

"ನಾನು ಬಾರಿಸದ್ದಕ್ಕೆ ನನ್ನ ಹೆಸರು ಬೇಡ."

ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯವಿಲ್ಲದೆ, ಅದು ಮಿಕ್ಸಿಂಗ್, ಅಲ್ಲಲ್ಲಿ ಜೋರಾಗಿತ್ತು, ಅದಕ್ಕೆ ಸ್ವಲ್ಪ ಸರಿ ಮಾಡಿದೆ ಎಂದೆಲ್ಲ ತೊದಲಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಜೋರು ಆಗದೆ ಮತ್ತೆ? ಗಾಡಿ ಬಂದಾಗ ಜೋರು ಹಾಕ್ಬೇಕಲ್ಲ," ಎಂದರು. "ಇಲ್ಲದಿದ್ರೆ ಹಾಡುವವರಿಗೆ ಜಾಗ ತಪ್ಪುದಿಲ್ವಾ? ಒಬ್ಬರದ್ದು ಒಬ್ಬರಿಗೆ ಕೇಳುದಿಲ್ಲ ಆಗ. ತಾಳ ಹಿಡ್ಕೊಂಡೇ ಆಚೆ ದಾಟುದು."

"ಹೆಡ್‌ಫೋನ್ ಹಾಕಿದ್ರಲ್ಲ, ಗಾಡಿ ಬಂದದ್ದು ಹೇಗೆ ಕೇಳಿತು?"

"ಕೇಳಲಿಲ್ಲ. ಕೂತಲ್ಲಿಗೆ ಗೊತ್ತಾಗ್ತದೆ, ನೆಲ ಅದುರ್ತದಲ್ಲ. ಕೈ ಅದರಷ್ಟಕ್ಕೇ ಹೋಗ್ತದೆ."

ನಾನು ಗಾಡಿಯನ್ನು ತೆಗೆದುಬಿಟ್ಟಿದ್ದೆ, ಅದಕ್ಕೇ ತಾಳ ಹುಚ್ಚಿನಂತೆ ಕೇಳಿಸಿತ್ತು. ಐವತ್ತು ವರ್ಷ ಅದೇ ಹಳಿಯ ಬದಿಯಲ್ಲಿ ಬದುಕಿ, ಅದೇ ಕೋಣೆಯಲ್ಲಿ ಅವರ ಮಗ್ಗುಲಲ್ಲಿ ಕುಳಿತು, ಹಾಡು ಮುಳುಗಿ ಏಳುವುದನ್ನು ಸಾವಿರ ಸಲ ಕಂಡವನು ನಾನು. ಎಲ್ಲರನ್ನೂ ಕೈಹಿಡಿದು ದಾಟಿಸುತ್ತಿದ್ದವರು ಯಾರೆಂದು ನನಗೆ ತಿಳಿದಿರಲಿಲ್ಲ. ಯಾರಿಗೂ ನಾನು ಕೇಳಿಸುವುದಿಲ್ಲ ಎಂದು ಗೋಳಾಡಿದವನೂ ನಾನೇ. ಆ ಹೊತ್ತಿಗೆ ಭೂಮಿ ಬಾಯಿ ತೆರೆದಿದ್ದರೆ ಪೆಡಲುಗಳ ಸಮೇತ ಇಳಿದುಬಿಡುತ್ತಿದ್ದೆ.

"ನಿಮ್ಮದನ್ನೇ ಹಾಕ್ತೇನೆ ಅಪ್ಪಯ್ಯ," ಎಂದು ಹೇಳಹೊರಟು ನಿಂತೆ. ಹಾಕಲು ಏನೂ ಉಳಿದಿರಲಿಲ್ಲ.

ಮುಂದಿನ ಶನಿವಾರ ಅಪ್ಪಯ್ಯ ಭಜನೆಗೆ ಬಂದರು, ತಾಳದ ಚೀಲ ತರಲಿಲ್ಲ. ಯಾಕೆ ಎಂದು ಸುಶೀಲಕ್ಕ ಕೇಳಿದ್ದಕ್ಕೆ, "ಕೈ ಸ್ವಲ್ಪ ನೋವು," ಎಂದು ಗೋಡೆಗೆ ಒರಗಿ ಕುಳಿತರು. ನಾನಲ್ಲೇ ಇದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಬಗ್ಗಿ ಪೆಡಲಿನ ತಿರುಪು ತಿರುಗಿಸುತ್ತ ಕುಳಿತೆ. ಭಜನೆ ಶುರುವಾಗಿ ಸ್ವಲ್ಪ ಹೊತ್ತಿಗೆ ಫಾಸ್ಟ್ ಬಂತು. ಹಾಡು ಮುಳುಗುವಾಗ, ನಾನೇ ಹಿಡಿದು ನಿಲ್ಲಿಸುತ್ತೇನೆ ಎಂದು ವಾಲ್ಯೂಮ್ ಏರಿಸಿ, ಎರಡು ಪೆಡಲ್ ಒತ್ತಿ, ಮೈಯೆಲ್ಲ ಕಿವಿಯಾಗಿ ಬಾರಿಸಿದೆ. ಗಾಡಿಯ ಗುಡುಗುಡು ಯಾವುದು, ನನ್ನದು ಯಾವುದು ಎಂದು ನನಗೇ ತಿಳಿಯಲಿಲ್ಲ. ಬೇಸಿನ ಸ್ವರ, ಗಾಡಿಯ ಸ್ವರ ಎರಡೂ ಒಂದೇ ತಗ್ಗಿನವು, ಅಲ್ಲಿ ಕೇಳಿಸುವುದು ಕಂಚಿನ ಆ ಸಣ್ಣ ಎತ್ತರದ ನಾದ ಮಾತ್ರ. ಗಾಡಿ ಹೋದಾಗ ಹೆಂಗಸರು ಹಾಡಿನ ಒಂದು ಸಾಲಿನಲ್ಲಿದ್ದರು, ಗಂಡಸರು ಮುಂದಿನ ಸಾಲಿನಲ್ಲಿ, ಹಾರ್ಮೋನಿಯಂ ನಿಂತೇಹೋಗಿತ್ತು. ಯಾರೋ ನಕ್ಕರು. ಅಪ್ಪಯ್ಯ ನಗಲಿಲ್ಲ. ಅವರ ಬಲಗೈ ತೊಡೆಯ ಮೇಲೆ ಮುಷ್ಟಿಯಾಗಿ, ಇನ್ನೂ ಲಯ ಹಾಕುತ್ತಲೇ ಇತ್ತು.

ಆ ವಾರವಿಡೀ ಠಾಣೆಯಲ್ಲಿ ಗಾಡಿ ಬದಲಿಸುವಾಗಲೆಲ್ಲ ಪ್ಲಾಟ್‌ಫಾರ್ಮ್ ಅದುರುವುದು ಕಾಲಿಗೆ ಗೊತ್ತಾಗುತ್ತಿತ್ತು. ಮೊದಲು ಗೊತ್ತಾಗುತ್ತಿರಲಿಲ್ಲ.

ಮರು ಶನಿವಾರ ತಾಳದ ಚೀಲವನ್ನು ನಾನೇ ತೆಗೆದುಕೊಂಡು ಹೋದೆ. ಅದು ಆ ಕೋಣೆಯಲ್ಲಿ ಕೊನೆಯ ಶನಿವಾರ. ದೀಪ ಹಚ್ಚುವ ಮೊದಲೇ ಎದ್ದು ನಿಂತು, ರೆಕಾರ್ಡಿನಲ್ಲಿರುವ ತಾಳ ಅಪ್ಪಯ್ಯನದ್ದಲ್ಲ, ಅವರದ್ದನ್ನು ನಾನು ತೆಗೆದೆ, ಅಳಿಸಿಯೂ ಹಾಕಿದೆ, ಅವರ ಕೈಗೆ ನೋವೂ ಇಲ್ಲ ಏನೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅಪ್ಪಯ್ಯ ನೆಲ ನೋಡುತ್ತಿದ್ದರು.

ಸುಶೀಲಕ್ಕ ಹಣೆ ಬಡಿದುಕೊಂಡರು. "ಅಯ್ಯೋ ದೇವರೇ, ಅದಕ್ಕಾ!" ಎಂದರು. "ಮನೆಯಲ್ಲಿ ಆ ಪೆನ್‌ಡ್ರೈವ್ ಹಾಕಿ ಒಟ್ಟಿಗೆ ಹೇಳ್ಲಿಕ್ಕೆ ನೋಡ್ತೇನೆ ಮಾರಾಯ, ಗಾಡಿ ಬಂದ ಕೂಡ್ಲೆ ತಪ್ಪಿಹೋಗ್ತದೆ. ಮೂರು ಸಲ ಆಯ್ತು, ನಿನ್ನ ಅಪ್ಪಯ್ಯನ ತಾಳ ಇದ್ದೂ. ನನಗೆ ಮರೆವು ಶುರುವಾಯ್ತೂಂತ ಎಣಿಸಿ ಸೊಸೆಗೂ ಹೇಳ್ಲಿಲ್ಲ ನಾನು. ಹೆದರಿಹೋಗಿದ್ದೆ."

ಒಬ್ಬರ ತಾಳ ತೆಗೆದವನು ಇನ್ನೊಬ್ಬರ ಧೈರ್ಯವನ್ನೂ ತೆಗೆದಿದ್ದೆ ಎಂದು ಆಗ ಗೊತ್ತಾಯಿತು. ಚೀಲವನ್ನು ಅಪ್ಪಯ್ಯನ ಮುಂದಿಟ್ಟು, "ಇವತ್ತು ಇನ್ನೊಂದು ಸಲ ರೆಕಾರ್ಡ್ ಮಾಡ್ಲಾ?" ಎಂದಷ್ಟೇ ಕೇಳಿದೆ.

ಅವರು ಚೀಲದ ದಾರ ಬಿಚ್ಚುತ್ತ, "ಗಾಡಿ ತೆಗೀಬಾರ್ದು," ಎಂದರು.

ಕಿಟಕಿಗೆ ಈ ಸಲ ರಜಾಯಿ ಕಟ್ಟಲಿಲ್ಲ, ಫ್ಯಾನ್ ಹಾಕಿದೆ, ನಡುವೆ ಸ್ಟೂಲಿನ ಮೇಲೆ ಒಂದೇ ಒಂದು ಮೈಕ್ ಇಟ್ಟೆ. ಟಿಕ್ ಟಿಕ್ ಇಲ್ಲ, ಹೆಡ್‌ಫೋನ್ ಇಲ್ಲ. ಪೆಡಲ್ ಹಲಗೆಯನ್ನು ಮೇಲೆ ಮನೆಯಲ್ಲೇ ಬಿಟ್ಟು ಬಂದಿದ್ದೆ, ಬೇಸನ್ನು ನೇರ ಆಂಪಿಗೆ ಸಿಕ್ಕಿಸಿಕೊಂಡೆ. ಎಲ್ಲರೂ ಕುಳಿತು ಮಂಗಳದವರೆಗೆ ಹಾಡಿದೆವು. ಎಷ್ಟು ಗಾಡಿಗಳು ಹೋದವೋ ಲೆಕ್ಕವಿಲ್ಲ.

ಮರುದಿನ ಬೆಳಿಗ್ಗೆ, ಸಾಮಾನು ಕಟ್ಟಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತು, ಇಯರ್‌ಫೋನಿನ ಒಂದು ತುದಿಯನ್ನು ಅಪ್ಪಯ್ಯನ ಕಿವಿಗೆ, ಇನ್ನೊಂದನ್ನು ನನ್ನ ಕಿವಿಗೆ ಇಟ್ಟುಕೊಂಡು ಕೇಳಿದೆವು. ಮೊದಲು ಸುಶೀಲಕ್ಕನ ಸ್ವರ, ಹಿಂದೆಯೇ ಎಲ್ಲರದ್ದು. ದೂರದಿಂದ ಗಾಡಿ ಬಂತು. ಒಬ್ಬೊಬ್ಬರೇ ಮುಳುಗಿದರು. ಎಲ್ಲ ಮುಳುಗಿದ ಮೇಲೆ, ಆ ಗದ್ದಲದ ನಟ್ಟನಡುವೆ, ಟಿಣ್ ಟಿಣ್ ಟಿಣ್ ಎಂದು ಅಪ್ಪಯ್ಯನ ತಾಳ ಒಂದೇ. ಕೊನೆಯ ಡಬ್ಬಿ ದಾಟಿತು, ಇಪ್ಪತ್ತು ಜನರೂ ಅದೇ ಅಕ್ಷರದಲ್ಲಿ ಎದ್ದು ಬಂದರು. ನಾನು ಇದುವರೆಗೆ ಮಾಡಿದ ರೆಕಾರ್ಡಿಂಗುಗಳಲ್ಲಿ ಅಷ್ಟು ಚೆನ್ನಾಗಿರುವುದು ಬೇರೆ ಇಲ್ಲ, ಅದರಲ್ಲಿ ನಾನು ಮಾಡಿದ್ದೂ ಏನೂ ಇಲ್ಲ.

ಅಪ್ಪಯ್ಯ ಕಣ್ಣು ಮುಚ್ಚಿ ಹುಡುಕುವವರ ಹಾಗೆ ಕೇಳುತ್ತಿದ್ದರು.

"ನಿನ್ನದು ಎಲ್ಲಿ ಮಾಣಿ? ಕೇಳುದಿಲ್ಲ."

"ಗಾಡಿಯ ಅಡಿಯಲ್ಲಿ ಉಂಟು ಅಪ್ಪಯ್ಯ. ಒಂದೇ ಮೈಕ್ ಅಲ್ವಾ, ಬರ್ಲಿಲ್ಲ. ಹೊಸ ಚೀಟಿಯಲ್ಲಿ ನನ್ನ ಹೆಸರು ಹಾಕುದಿಲ್ಲ."

"ಯಾಕೆ?" ಎಂದು ಕಣ್ಣು ತೆರೆದರು. "ಹಾಕು. ನೀನು ಬಾರಿಸಿದ್ದೀಯಲ್ಲ."

ಬ್ಯಾಟರಿ ಹುಡುಕುವ ನೆಪ ಮಾಡಿ ನಾನು ಎದ್ದು ಒಳಗೆ ಹೋದೆ.